ಅದು ಸ್ನಾನವಲ್ಲ

ಅಂಕೋಲೆ, ಕಾರವಾರ ಕಡೆಯಿಂದ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಬಯಲುಸೀಮೆಗೆ ಹಕ್ಕಿ ನೋಡಲು ಹೋಗುವ ನಮ್ಮೂರ ಮಕ್ಕಳಿಗೆ,

ಬೊಬ್ರುವಾಡದಿಂದ ನಿಮ್ಮ ಅಕ್ಕೋರು ಬರೆಯುವ ಪತ್ರ ಇದು. ನಿಮ್ಮಲ್ಲಿ ಕೆಲವರಿಗೆ ಮಗ್ಗಿ ಕಲಿಸಿದ್ದೇನೆ, ಇನ್ನು ಕೆಲವರ ಅಪ್ಪಂದಿರ ಕಿವಿ ಹಿಂಡಿದ್ದೇನೆ. ಆ ಸಲುಗೆಯಿಂದ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ಪೂರ್ತಿ ಓದಿ ಆಮೇಲೆ ಮಾಡಿಕೊಳ್ಳಿ.

ಯುಗಾದಿ ಕಳೆದ ಮೇಲೆ ಒಂದು ಸಂಜೆ ನಿಮ್ಮಲ್ಲಿ ನಾಲ್ವರು ನಮ್ಮ ಮನೆಯ ಜಗಲಿಗೆ ಬಂದು ಲ್ಯಾಪ್‌ಟಾಪ್ ಬಿಚ್ಚಿದಿರಿ. ಕೊಪ್ಪಳದ ಕಡೆಯ ಒಂದು ಕೆರೆ. ಕೆರೆ ಎಂದರೆ ಏನುಂಟು, ಬೇಸಿಗೆಗೆ ಬತ್ತಿ ನಡುವಲ್ಲಿ ಒಂದು ಗದ್ದೆಯಗಲ ನೀರು ಉಳಿದಿತ್ತು. ಮೊದಲ ಫೋಟೋದಲ್ಲಿ ಪಾರಿವಾಳದ ಗಾತ್ರದ ಹತ್ತಿಪ್ಪತ್ತು ಹಕ್ಕಿ ಕೆಸರಿನಂಚಿಗೆ ನಿಂತಿದ್ದವು. ಎರಡನೆಯದರಲ್ಲಿ ಒಂದು ಗಂಡು ನೀರಿಗಿಳಿದು, ಬಾಲವನ್ನೂ ರೆಕ್ಕೆಯನ್ನೂ ಮೇಲೆತ್ತಿಕೊಂಡು, ಹೊಟ್ಟೆಯನ್ನು ಮಾತ್ರ ನೀರಿಗೆ ಊರಿ ಕೂತಿತ್ತು. ಮೂರನೆಯದು ನಿಮಗೆಲ್ಲ ಬಹಳ ಇಷ್ಟವಾದದ್ದು: ಅದೇ ಹಕ್ಕಿ ಚಂಗನೆ ಎದ್ದು ಹಾರುತ್ತಿದೆ, ಕೆಳಗೆ ನೀರಿನ ಹನಿಗಳು ಮುತ್ತು ಚೆಲ್ಲಿದ ಹಾಗೆ.

"ಸ್ನಾನ ಮಾಡ್ತಾ ಇತ್ತು ಅಕ್ಕೋರೆ. ನಾವು ಸ್ವಲ್ಪ ಮುಂದೆ ಸರಿದದ್ದೇ ತಡ, ಹಾರಿತು. ಅದೃಷ್ಟ, ಸರಿಯಾಗಿ ಸಿಕ್ತು" ಎಂದಿರಿ.

ನಾನು ಚಾ ತರಲು ಒಳಗೆ ಹೋದೆ. ಆಗ ಹೇಳಬೇಕಿದ್ದನ್ನು ಈಗ ಹೇಳುತ್ತೇನೆ. ಅದು ಕಲ್ಲುಗೌಜಲಕ್ಕಿ. ಆ ಹಕ್ಕಿ ಹುಟ್ಟಿದಂದಿನಿಂದ ಸಾಯುವವರೆಗೆ ನೀರಿನಲ್ಲಿ ಸ್ನಾನ ಮಾಡುವುದಿಲ್ಲ. ಅದರ ಸ್ನಾನವೇನಿದ್ದರೂ ಮಣ್ಣಿನಲ್ಲಿ, ನಮ್ಮ ಕೋಳಿಗಳ ಹಾಗೆ. ನೀರಿಗೆ ಹೊಟ್ಟೆ ಊರಿ ಕೂತಿತ್ತೆಂದರೆ ಅದು ಮಕ್ಕಳಿಗೆ ನೀರು ತುಂಬಿಕೊಳ್ಳುತ್ತಿತ್ತು. ನಿಮ್ಮ ಮೂರನೆಯ ಫೋಟೋವನ್ನು ದೊಡ್ಡದು ಮಾಡಿ ನೋಡಿ. ಎದೆಯ ಬದಿಗೆ ಒಂದಿಷ್ಟು ಒದ್ದೆ, ಹೊಟ್ಟೆಯ ನಡುಭಾಗ ಇನ್ನೂ ಒಣಗಿಯೇ ಇದೆ. ಕೊಡ ತುಂಬುವ ಮೊದಲೇ ಬಾವಿಕಟ್ಟೆಯಿಂದ ಎಬ್ಬಿಸಿ ಕಳಿಸಿದ ಹಾಗೆ ಆಯಿತಲ್ಲ, ಅದು ನನ್ನ ತಕರಾರು.

ತಪ್ಪನ್ನು ನಾಲ್ವರ ಮೇಲೆ ಮಾತ್ರ ಹಾಕಿದರೆ ಅನ್ಯಾಯ. ಈಗ ಪ್ರತಿ ವರ್ಷ ಚಳಿಗಾಲ ಮುಗಿಯುವಾಗಿನಿಂದ ಮೇ ತನಕ ನಮ್ಮ ಎರಡೂ ತಾಲೂಕುಗಳಿಂದ ಕಾರು ಮಾಡಿಕೊಂಡು ಹೊರಡುವವರನ್ನು ನೋಡುತ್ತಿದ್ದೇನೆ. ಅದಕ್ಕೇ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಹೊರಡುವ ದಾರಿಯೂ ಸಲೀಸಾಗಿದೆ ಅನ್ನಿ. ಬಾಳೆಗುಳಿಯಲ್ಲಿ ತಿರುಗಿದರೆ ಆಯಿತು. ಮೊದಲು ಅದು 63ನೇ ನಂಬರಿನ ಹೆದ್ದಾರಿ. ನಮ್ಮ ಅಂಕೋಲೆಯಲ್ಲಿ ಹುಟ್ಟಿ ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ ದಾಟಿ ಆಂಧ್ರದ ಗುತ್ತಿಗೆ ಮುಟ್ಟುತ್ತಿತ್ತು. ಕಲ್ಲುಗೌಜಲಕ್ಕಿಯ ಸೀಮೆಯನ್ನು ಉದ್ದಕ್ಕೆ ಸೀಳಿಕೊಂಡು ಹೋಗುವ ರಸ್ತೆ. ಈಗ ನಂಬರು ಬದಲಾಗಿದೆ. ಹುಬ್ಬಳ್ಳಿಯವರೆಗಿನ ತುಂಡು 52ರ ಪಾಲಿಗೆ ಬಂದಿದೆ. ಆ 52 ವಿಜಯಪುರ, ಸೊಲ್ಲಾಪುರ, ಇಂದೋರ್, ಕೋಟಾ, ಜೈಪುರ ಹಿಡಿದು ರಾಜಸ್ಥಾನದ ಚುರುವಿನ ಮೂಲಕ, ಅಂದರೆ ಥಾರ್ ಮರುಭೂಮಿಯ ಹೊಸ್ತಿಲು ತುಳಿದು, ಪಂಜಾಬಿನ ಸಂಗ್ರೂರಿಗೆ ಹೋಗುತ್ತದೆ. ಬಂಗಡೆ ಲಾರಿ ಹೊರಡುವ ನಮ್ಮೂರಿನಿಂದ ಮರಳುಗಾಡಿನವರೆಗೆ ಒಂದೇ ರಸ್ತೆ! ನಡುವೆ ಎಲ್ಲಿಯೂ ಅಡ್ಡ ಹಿಡಿಯಬೇಕಿಲ್ಲ.

ನಾನು ಆ ದಾರಿಯಲ್ಲಿ ಮೊದಲ ಸಲ ಹೋದದ್ದು 1986ರಲ್ಲಿ, ತಗಡಿನ ಟ್ರಂಕು ಮತ್ತು ಒಂದು ಹಾಸಿಗೆ ಸುರುಳಿಯ ಜೊತೆಗೆ. ಅಂಕೋಲೆಯವರಿಗೆ ಮಾಸ್ತರಿಕೆ ಹೊಸತಲ್ಲ. ಯಾವ ಜಿಲ್ಲೆಯ ಯಾವ ಮೂಲೆಯ ಶಾಲೆಗೆ ಹೋದರೂ ನಮ್ಮ ಕಡೆಯವರೊಬ್ಬರು ಹಾಜರಿ ಪುಸ್ತಕ ಹಿಡಿದು ನಿಂತಿರುತ್ತಿದ್ದರು. ನನಗೆ ಸಿಕ್ಕಿದ್ದು ಕೊಪ್ಪಳ ತಾಲೂಕಿನ ಒಂದು ಹಳ್ಳಿ. ಆಗ ಅದು ರಾಯಚೂರು ಜಿಲ್ಲೆ, ಕೊಪ್ಪಳವೇ ಜಿಲ್ಲೆಯಾದದ್ದು 1997ರಲ್ಲಿ. ಅರಬೈಲು ಘಟ್ಟ ಹತ್ತಿ ಯಲ್ಲಾಪುರ ದಾಟುವವರೆಗೆ ಕಿಟಕಿಯಾಚೆ ಕಾಡು. ಕಲಘಟಗಿ ಬಂದಾಗ ಮರಗಳು ಗಿಡವಾದವು, ಗದಗ ದಾಟಿದ ಮೇಲೆ ಗಿಡಗಳೂ ಕುಳ್ಳಾದವು, ಆಮೇಲೆ ಬರೀ ನೆಲ. ಬಸ್ಸಿನಿಂದ ಇಳಿದವಳು ಆ ರಾತ್ರಿಯೇ ಆಯಿಗೆ ಕಾಗದ ಬರೆದೆ: "ಇಲ್ಲಿ ಏನೂ ಇಲ್ಲ."

ಈಗ ಆ ಸಾಲು ನೆನಪಾದರೆ ನಾಚಿಕೆಯಾಗುತ್ತದೆ. ಆದರೆ ಅದು ನನ್ನ ಕಣ್ಣಿನ ತಪ್ಪೂ ಹೌದು, ನಮ್ಮೂರ ಮಳೆಯ ತಪ್ಪೂ ಹೌದು. ವರ್ಷಕ್ಕೆ 3000 ಮಿಲಿಮೀಟರು ಮೀರಿ ಮಳೆ ಸುರಿಯುವ ಊರಿನಲ್ಲಿ ಹುಟ್ಟಿದವರಿಗೆ ಹಸಿರು ಎಂದರೆ ಜೀವ, ಹಸಿರಿಲ್ಲ ಎಂದರೆ ಪಾಳು. ನಮ್ಮಲ್ಲಿ ಬೇಣಕ್ಕೂ ಜೂನ್ ಬಂದರೆ ಮೊಣಕಾಲೆತ್ತರ ಹುಲ್ಲು. 600 ಮಿಲಿಮೀಟರು ಬಿದ್ದರೆ ಒಳ್ಳೆಯ ಮಳೆಗಾಲ ಎನ್ನುವ ಸೀಮೆಯನ್ನು ಈ ಕಣ್ಣು ಹೇಗೆ ಓದಬೇಕು? ನೀವೂ ಮೊದಲ ಸಲ ಹೋದಾಗ 'ಎಂಥದೂ ಇಲ್ಲ ಮಾರಾಯ' ಎಂದೇ ಅಂದುಕೊಂಡಿರುತ್ತೀರಿ, ಸುಳ್ಳು ಹೇಳಬೇಡಿ.

ಎರಡನೆಯ ಬೇಸಿಗೆಯಲ್ಲಿ ಆ ಓದು ತಿದ್ದಿಸಿಕೊಂಡೆ. ಬೋರಿನ ಕೈಪಂಪು ಕೆಟ್ಟು ಹದಿನೈದು ದಿನವಾಗಿತ್ತು. ಒಂದು ರವಿವಾರ ಬೆಳಿಗ್ಗೆ ಕೊಡ ತೆಗೆದುಕೊಂಡು ಊರಾಚೆಯ ಕೆರೆಗೆ ಹೋದೆ. ನೀರು ತುಂಬಿ, ದಣಿವಾಗಿ, ಅಲ್ಲೇ ಅಂಚಿನ ಕಲ್ಲಿನ ಮೇಲೆ ಕೂತೆ. ದೂರದಲ್ಲಿ ಕುರಿ ಮೇಯಿಸುತ್ತಿದ್ದ ಒಬ್ಬ ಅಜ್ಜ ಕೈ ಬೀಸುತ್ತ ಬಂದ.

"ಅಕ್ಕಾರ, ಅಲ್ಲಿಂದ ಎದ್ದು ಈ ಕಡಿಗೆ ಬರ್ರಿ. ನೀವು ಅಲ್ಲಿ ಕುಂತ್ರ ಅವು ಇಳಿಯಂಗಿಲ್ಲ."

"ಯಾವು ಅಜ್ಜ?"

"ಕಲ್ಲುಗೌಜಲು. ಮರಿಗೆ ನೀರು ಒಯ್ಯೂ ಹೊತ್ತೈತಿ ಇದು."

ನಾನು ನಕ್ಕೆ. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ಹಕ್ಕಿ ನೀರು ಒಯ್ಯುತ್ತದೆಂದರೆ ನಂಬುತ್ತೇನೆಯೇ? ಆದರೂ ಎದ್ದು ಅವನ ಜೊತೆ ಜಾಲಿಯ ಮರೆಗೆ ಹೋಗಿ ಕೂತೆ. ಬಿಸಿಲು ಏರುತ್ತಿತ್ತು, ಒಂಬತ್ತು ಗಂಟೆಯ ಸುಮಾರು. ಮೊದಲು ಸದ್ದು ಬಂತು. ಆಕಾಶದಲ್ಲೆಲ್ಲೋ ಮೇಲೆ, 'ಕುಟ್‌ರೋ, ಕುಟ್‌ರೋ' ಎಂದು ಗಂಟಲಲ್ಲೇ ಮಾತಾಡಿಕೊಂಡ ಹಾಗೆ. ಆಮೇಲೆ ಚೂಪು ರೆಕ್ಕೆಯ ಆರೆಂಟು ಹಕ್ಕಿ ಬಾಣದ ಹಾಗೆ ಬಂದು, ಕೆರೆಯ ಮೇಲೆ ಒಂದು ಸುತ್ತು ಹಾಕಿ, ನೀರಿಗೆ ನೇರ ಇಳಿಯದೆ ದೂರದ ಬೋಳು ದಿಬ್ಬದಲ್ಲಿ ಇಳಿದವು. ಇಳಿದದ್ದೇ ಮಾಯ. ಕಣ್ಣೆದುರು ಇಳಿದ ಹಕ್ಕಿ ಕಾಣುವುದಿಲ್ಲ! ಅಜ್ಜ ಬೆರಳು ತೋರಿಸಿದ ಮೇಲೆ ಒಂದು ಕಲ್ಲು ನಡೆದಂತಾಯಿತು, ಇನ್ನೊಂದು ಕಲ್ಲು ಕತ್ತೆತ್ತಿತು. ನಿಂತು, ನೋಡಿ, ಗಿಡ್ಡ ಕಾಲಿನಲ್ಲಿ ತೂಗುತ್ತ ನಡೆದು ನೀರಿಗೆ ಬಂದವು. ನಾಲ್ಕಾರು ಗುಟುಕು, ಅಷ್ಟೇ. ಬಂದವು ಎದ್ದು ಹೋದವು, ಮತ್ತೊಂದು ಗುಂಪು ಬಂತು.

ಒಂದು ಗಂಡು ಮಾತ್ರ ಹೋಗಲಿಲ್ಲ. ಮರಳುಬಣ್ಣದ ಮೈ, ಮುಖದಲ್ಲಿ ಅರಿಶಿನದ ಛಾಯೆ, ಎದೆಗೆ ಅಡ್ಡಲಾಗಿ ಕಾಡಿಗೆಯಲ್ಲಿ ಎಳೆದಂಥ ಒಂದು ತೆಳು ಗೆರೆ, ಹೊಟ್ಟೆ ಕರಿಯ ಕಂದು, ಬಾಲದ ನಡುವೆ ಸೂಜಿಯಂಥ ಉದ್ದ ಗರಿ. ಅದು ಕಾಲಿನ ಗರಿ ತೋಯುವಷ್ಟು ನೀರಿಗಿಳಿದು, ಹೊಟ್ಟೆಯ ಗರಿಗಳನ್ನು ಬಿಡಿಸಿ, ಕುಕ್ಕರುಗಾಲಿನಲ್ಲಿ ಕೂತಿತು. ಮೈಯನ್ನು ಮೇಲೆ ಕೆಳಗೆ ಅಲುಗಿಸುತ್ತಿತ್ತು, ಬಟ್ಟೆಯನ್ನು ನೀರಲ್ಲಿ ಅದ್ದಿ ಅದ್ದಿ ತೆಗೆದ ಹಾಗೆ. ಎಷ್ಟು ಹೊತ್ತು! ನನಗೆ ಕಾಲು ಜೋಮು ಹಿಡಿಯಿತು. ಕೊನೆಗೆ ಎದ್ದು, ಭಾರವಾಗಿ, ಬೆಂಗಾಡಿನ ಕಡೆಗೆ ನೇರ ಹಾರಿಹೋಯಿತು.

"ಹೋತು ನೋಡ್ರಿ, ನೀರು ತಗೊಂಡು" ಎಂದ ಅಜ್ಜ, ಬೀಡಿ ಹಚ್ಚುತ್ತ.

ನಗು ಎಲ್ಲಿಯೋ ಹೋಗಿತ್ತು. ನೆನಪಾದದ್ದು ಬೊಬ್ರುವಾಡದ ನಮ್ಮ ಅಜ್ಜ. ಮೇ ತಿಂಗಳಲ್ಲಿ ಬಾವಿಯ ತಳಕ್ಕೆ ಕೊಡ ತಾಗಿ ಕೆರೆಯುವ ಸದ್ದು ಬರುವ ಹೊತ್ತಿಗೆ ಅವನು ಮಿಂದ ಪಂಚೆಯನ್ನು ಬಚ್ಚಲಲ್ಲಿ ಹಿಂಡುತ್ತಿರಲಿಲ್ಲ. ಒದ್ದೆ ಪಂಚೆಯನ್ನು ಹಾಗೇ ಎತ್ತಿಕೊಂಡು ಹಿತ್ತಿಲಿಗೆ ನಡೆದು ಬಸಳೆಯ ಬುಡಕ್ಕೆ ಹಿಂಡುತ್ತಿದ್ದ. ಕಡಲು ಕಾಣುವ ಊರಿನ ನಮಗೂ ನೀರಿನ ಲೆಕ್ಕ ಗೊತ್ತು. ಆದರೆ ನಮಗದು ಎರಡು ತಿಂಗಳ ಲೆಕ್ಕ, ಆ ಹಕ್ಕಿಗೆ ಜನ್ಮದ್ದು.

ಕುರಿ ಕಾಯುವ ಅಜ್ಜನನ್ನು ನಂಬದವಳು ನಾನೊಬ್ಬಳೇ ಅಲ್ಲ ಎಂದು ಬಹಳ ವರ್ಷಗಳ ಮೇಲೆ ಓದಿ ಸಮಾಧಾನವಾಯಿತು. ಮೀಡ್-ವಾಲ್ಡೋ ಎಂಬ ಇಂಗ್ಲಿಷಿನವ ತಾನು ಸಾಕಿದ ಇದೇ ಕುಲದ ಹಕ್ಕಿಗಳಲ್ಲಿ ಗಂಡು ಹೊಟ್ಟೆ ತೋಯಿಸಿಕೊಂಡು ಬಂದು ಮರಿಗಳಿಗೆ ಕುಡಿಸುವುದನ್ನು ಕಂಡು 1896ರಲ್ಲಿ ಬರೆದ. ದೊಡ್ಡ ದೊಡ್ಡ ಪಂಡಿತರು ಕಟ್ಟುಕತೆ ಎಂದು ತಳ್ಳಿಹಾಕಿದರು. ಎಪ್ಪತ್ತು ವರ್ಷ ಹಾಗೇ ಹೋಯಿತು. 1967ರಲ್ಲಿ ಟಾಮ್ ಕೇಡ್ ಮತ್ತು ಗಾರ್ಡನ್ ಮ್ಯಾಕ್ಲೀನ್ ಎಂಬ ಇಬ್ಬರು ಆಫ್ರಿಕದ ಕಲಹಾರಿಯ ನಮಾಕ್ವಾ ಜಾತಿಯನ್ನು ಕೂಲಂಕಷವಾಗಿ ನೋಡಿ, ಗರಿಗಳನ್ನು ತೋಯಿಸಿ ತೂಗಿ, ಕತೆಯಲ್ಲ, ನಿಜ ಎಂದು ಬರೆದ ಮೇಲೆ ಲೋಕ ಒಪ್ಪಿತು. ಒಂದು ಗಂಡು 25ರಿಂದ 40 ಮಿಲಿಲೀಟರು ನೀರು ಹೊರುತ್ತದೆ. ಕೆಮ್ಮಿನ ಔಷಧದ ಬಾಟಲಿಗೆ ಬರುತ್ತದಲ್ಲ, 10 ಮಿಲಿಲೀಟರಿನ ಮುಚ್ಚಳ, ಅದರಲ್ಲಿ ಮೂರು ನಾಲ್ಕು. ಅಷ್ಟನ್ನು ಹೊತ್ತು 30 ಕಿಲೋಮೀಟರು ದೂರಕ್ಕೂ ಹಾರುತ್ತದೆ. ದಾರಿಯಲ್ಲಿ ಬಿಸಿಲು, ಗಾಳಿ ತಮ್ಮ ಪಾಲು ಕಿತ್ತುಕೊಳ್ಳುತ್ತವೆ, ಉಳಿದದ್ದು ಮರಿಗಳಿಗೆ.

ಗುಟ್ಟು ಇರುವುದು ಗರಿಯ ಎಳೆಗಳಲ್ಲಿ. ಒಣಗಿದ್ದಾಗ ಹೊಟ್ಟೆಗರಿಯ ಸಣ್ಣ ಎಳೆಗಳು ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿ ಒಂದಕ್ಕೊಂದು ಅಂಟಿ ಮಲಗಿರುತ್ತವೆ. ನೀರು ತಾಗಿತೋ, ಸುರುಳಿ ಬಿಚ್ಚಿ ಎದ್ದು ನಿಲ್ಲುತ್ತವೆ. ಕಂಬಳಿಯ ರೋಮದ ಹಾಗೆ ದಟ್ಟವಾಗಿ ನಿಂತ ಆ ಎಳೆಗಳ ನಡುವೆ ನೀರು ಸಿಕ್ಕಿ ಕೂರುತ್ತದೆ, ಹಾರುವಾಗಲೂ ಚೆಲ್ಲುವುದಿಲ್ಲ. 2023ರಲ್ಲಿ ಅಮೆರಿಕದ ಇಬ್ಬರು ಎಂಜಿನಿಯರುಗಳು, ಲೋರ್ನಾ ಗಿಬ್ಸನ್ ಮತ್ತು ಯೋಕನ್ ಮ್ಯುಲರ್, ಸೂಕ್ಷ್ಮದರ್ಶಕದ ಕೆಳಗೆ ಈ ಬಿಚ್ಚಿಕೊಳ್ಳುವ ಆಟವನ್ನು ಚಿತ್ರ ಹಿಡಿದು ತೋರಿಸಿದರು. ನೀರು ಚೆಲ್ಲದ ಬಾಟಲಿ ಮಾಡಲು ಬಂದೀತೆಂಬ ಆಸೆ ಅವರಿಗೆ. ಹೆಣ್ಣಿನ ಗರಿ ಇಷ್ಟು ಹಿಡಿಯುವುದಿಲ್ಲ. ಹಾಗಾಗಿ ನೀರಿನ ಜವಾಬ್ದಾರಿ ಅಪ್ಪನದೇ. ನೀರು ತರುವ ಕೆಲಸ ಹೆಂಗಸರದೆಂದು ಲೋಕವೆಲ್ಲ ಒಪ್ಪಿಕೊಂಡಿರುವಾಗ ಈ ಹಕ್ಕಿಯೊಂದು ಬೇರೆ ದಾರಿ ಹಿಡಿದಿದೆ, ನನಗಂತೂ ಬಹಳ ಖುಷಿ.

ಅಪ್ಪ ಬಂದಿಳಿದು ಎದೆಯೆತ್ತಿ ನೆಟ್ಟಗೆ ನಿಲ್ಲುತ್ತಾನೆ. ಮರಿಗಳು ಓಡಿ ಬಂದು ಹೊಟ್ಟೆಯಡಿ ಸೇರಿ ಗರಿಗಳನ್ನು ಕೊಕ್ಕಿನಿಂದ ಹಿಂಡಿ ಹಿಂಡಿ ಕುಡಿಯುತ್ತವೆ, ಕರು ಕೆಚ್ಚಲಿಗೆ ಬಾಯಿ ಹಾಕಿದಂತೆ. ಕುಡಿದಾದ ಮೇಲೆ ಅವನು ಹೊಟ್ಟೆಯನ್ನು ಮಣ್ಣಿಗೆ ಉಜ್ಜಿ ಒಣಗಿಸಿಕೊಳ್ಳುತ್ತಾನೆ. ಮರಿಗಳು ಮೊಟ್ಟೆಯೊಡೆದ ದಿನವೇ ನಡೆಯುತ್ತವೆ, ತಾವೇ ಕಾಳು ಹೆಕ್ಕುತ್ತವೆ. ಆದರೆ ತಿನ್ನುವುದು ಒಣ ಬೀಜ. ಹುಳುಹುಪ್ಪಟೆ ತಿಂದರೆ ಸಿಗುವ ತೇವವೂ ಇಲ್ಲ. ರೆಕ್ಕೆ ಬಲಿತು ತಾವೇ ಕೆರೆಗೆ ಹಾರುವವರೆಗೆ ಅಪ್ಪನ ಹೊಟ್ಟೆಗರಿಯೇ ಅವುಗಳ ಬಾವಿ. ಒಂದು ದಿನ ತಪ್ಪಿದರೆ ನಲವತ್ತು ಡಿಗ್ರಿಯ ಬಿಸಿಲಲ್ಲಿ ಏನಾದೀತು, ನೀವೇ ಹೇಳಿ.

ನಿಮ್ಮ ಫೋಟೋದ ಹಕ್ಕಿ ಬೇರೆ ನೀರಿಗೆ ಹೋಗಿರಬಹುದು, ನೀವು ಎದ್ದ ಮೇಲೆ ಅಲ್ಲಿಗೇ ಮರಳಿರಬಹುದು. ಇರಲಿ ಎಂದೇ ನನ್ನ ಆಸೆ. ಆದರೆ ಆ ಹೊತ್ತಿಗೆ ಅಲ್ಲಿ ಎಷ್ಟು ಕಡೆ ನೀರಿತ್ತು? ಸುತ್ತ ನಾಲ್ಕು ಊರಿಗೆ ಅದೊಂದೇ ಉಳಿದಿತ್ತೆಂದು ನೀವೇ ಅಂದಿರಿ. ಅಲ್ಲಿಗೇ ಎಲ್ಲ ಹಕ್ಕಿ ಬರುತ್ತವೆಂದು ತಿಳಿದೇ ಅಲ್ಲಿ ಕೂತಿರಿ.

ಇದೇ ಲೆಕ್ಕ ಕೋವಿ ಹಿಡಿದವರದೂ ಆಗಿತ್ತು. ದಿನಾ ಅದೇ ಹೊತ್ತಿಗೆ ಅದೇ ನೀರಿಗೆ ಬರುವ ಹಕ್ಕಿಯನ್ನು ಹೊಡೆಯಲು ಜಾಣತನ ಬೇಡ, ಗಡಿಯಾರ ಸಾಕು. ಬಿಕಾನೇರದ ಮಹಾರಾಜ ಗಂಗಾಸಿಂಗರು ಗಜನೇರ್ ಕೆರೆಯ ದಂಡೆಯಲ್ಲಿ ವೈಸರಾಯರಿಗೂ ರಾಜಕುಮಾರರಿಗೂ ಚಳಿಗಾಲದ ಶಿಕಾರಿ ಏರ್ಪಡಿಸುತ್ತಿದ್ದರು. ಅಲ್ಲಿಗೆ ಬರುತ್ತಿದ್ದದ್ದು ಮಧ್ಯ ಏಷ್ಯಾದ ಕಡೆಯಿಂದ ವಲಸೆ ಬರುವ, ಇನ್ನೂ ದೊಡ್ಡ ಗಾತ್ರದ, ಕಪ್ಪು ಹೊಟ್ಟೆಯ ಜಾತಿ. ಬೆಳಗಿನ ನೀರಿನ ಹೊತ್ತಿಗೆ ಸಾವಿರಗಟ್ಟಲೆ ಉರುಳುತ್ತಿದ್ದವು. ಹೊಡೆದದ್ದನ್ನು ಸಾಲಾಗಿ ಜೋಡಿಸಿ ಎಣಿಸುವುದು, ಫೋಟೋ ತೆಗೆಸಿಕೊಳ್ಳುವುದು ಎಲ್ಲ ಇತ್ತು. ನಮ್ಮ ದೇಶದ ಕಲ್ಲುಗೌಜಲು ಶಿಕಾರಿಗೆ ಎಷ್ಟು ರುಚಿಸಿತೆಂದರೆ 1960ರ ದಶಕದ ಆರಂಭದಲ್ಲಿ ಅಮೆರಿಕದವರು ಇಲ್ಲಿಂದ ಹಿಡಿದೊಯ್ದು ಹವಾಯಿ ದ್ವೀಪದಲ್ಲಿ ಬಿಟ್ಟರು, ಅಲ್ಲಿ ಅದು ಇಂದಿಗೂ ನೆಲೆಸಿದೆ. ನೆವಾಡಾದ ಮರುಭೂಮಿಯಲ್ಲೂ ಬಿಟ್ಟು ನೋಡಿದರು, ನಿಲ್ಲಲಿಲ್ಲ.

ಇಂಗ್ಲೆಂಡಿನ ಕತೆ ಇನ್ನೂ ಚೆನ್ನಾಗಿದೆ. 1888ರಲ್ಲಿ ಮಧ್ಯ ಏಷ್ಯಾದ ಪಲ್ಲಾಸನ ಹೆಸರಿನ ಜಾತಿಯೊಂದು ದಿಕ್ಕು ಹಿಡಿದು ಗುಂಪು ಗುಂಪಾಗಿ ಯುರೋಪಿನಾಚೆ ಇಂಗ್ಲೆಂಡಿನವರೆಗೆ ಬಂದಿಳಿಯಿತು. ಬಂದ ಅತಿಥಿಗಳನ್ನು ಕಾಪಾಡಲು ಪಾರ್ಲಿಮೆಂಟು ಕಾಯಿದೆಯನ್ನೇ ಮಾಡಿತು. ಅದು ಜಾರಿಗೆ ಬಂದದ್ದು ಮರುವರ್ಷ ಫೆಬ್ರವರಿಯಲ್ಲಿ. ಅಷ್ಟರೊಳಗೆ ಹೆಚ್ಚಿನವು ಕೋವಿಗೆ ಬಿದ್ದಾಗಿತ್ತು. ಸರ್ಕಾರದ ಕಡತ ಎಲ್ಲ ದೇಶದಲ್ಲೂ ಒಂದೇ ವೇಗದಲ್ಲಿ ನಡೆಯುತ್ತದೆ.

ನಮ್ಮಲ್ಲಿ 1972ರ ವನ್ಯಜೀವಿ ಕಾಯಿದೆ ಬಂದ ಮೇಲೂ ಪರವಾನಗಿ ಪಡೆದು ಶಿಕಾರಿ ಮಾಡುವ ಸಂದು ಉಳಿದಿತ್ತು. 1991ರ ತಿದ್ದುಪಡಿಯಲ್ಲಿ ಅದೂ ಮುಚ್ಚಿತು. ಕೋವಿ ಹೋಯಿತು, ಕ್ಯಾಮೆರಾ ಬಂತು. ಕ್ಯಾಮೆರಾ ಕೋವಿಯಲ್ಲ, ಒಪ್ಪಿದೆ. ಆದರೆ ನೀರಿನಂಚಿನಲ್ಲಿ ಹೊಂಚು ಹಾಕಿ ಕೂತವನ ಕೈಯಲ್ಲಿ ಏನಿದೆ ಎಂದು ಹಕ್ಕಿಗೆ ಹೇಗೆ ಗೊತ್ತಾಗಬೇಕು ತಮಾ? ಅದರ ಪಾಲಿಗೆ ಅಲ್ಲೊಂದು ಪ್ರಾಣಿ ಕೂತಿದೆ, ಇವತ್ತು ಇಳಿಯುವ ಹಾಗಿಲ್ಲ.

ಈಗ ನನ್ನ ಕೇಳಿಕೆ. ಹೋಗಬೇಡಿ ಎನ್ನುವುದಿಲ್ಲ, ನೋಡದವರಿಗೆ ಪ್ರೀತಿ ಎಲ್ಲಿಂದ ಬರಬೇಕು. ಹೋಗಿ, ಆದರೆ ಬೇಸಿಗೆಯಲ್ಲಿ ನೀರಿನಿಂದ ನೂರು ಮೀಟರಾದರೂ ಈಚೆ ಕೂತುಕೊಳ್ಳಿ. ಬೆಳಕು ಹರಿಯುವ ಮೊದಲೇ ಬಂದು ಜಾಲಿಯ ಮರೆ ಸೇರಿ, ಅವು ಬಂದು ಹೋಗುವವರೆಗೆ ಏಳಬೇಡಿ. ನಿಮ್ಮ ಲೆನ್ಸುಗಳು ನಮ್ಮ ಮನೆಯ ಕೊಳಗದಷ್ಟು ಉದ್ದ ಇವೆ, ನೂರು ಮೀಟರು ಅವಕ್ಕೆ ಯಾವ ಲೆಕ್ಕ. ಹಂಪಿಯ ಸುತ್ತಲಿನ ಬಂಡೆಗುಡ್ಡಗಳಲ್ಲಿ ಇನ್ನೊಂದು ಜಾತಿಯಿದೆ, ಮೈತುಂಬ ಗೆರೆ ಬಿಡಿಸಿದಂತೆ ಬಣ್ಣದ್ದು. ಗಂಡಿನ ಹಣೆಗೆ ಕಪ್ಪು ಬಿಳಿ ಪಟ್ಟೆ, ಕೊಕ್ಕು ಕಿತ್ತಳೆ. ಅದು ನೀರಿಗೆ ಬರುವುದು ಹೊತ್ತು ಮುಳುಗಿ ಕತ್ತಲಾಗುವಾಗ, ಮತ್ತೆ ಬೆಳಗಾಗುವ ಮುಂಚೆ. ಅಲ್ಲಿ ಟಾರ್ಚು ಬಿಟ್ಟು ಫೋಟೋ ತೆಗೆಯುವುದನ್ನು ಕಂಡಿದ್ದೇನೆ. ರಾತ್ರಿ ಗದ್ದೆಯಂಚಿನಲ್ಲಿ ಬ್ಯಾಟರಿ ಬಿಟ್ಟು ಬುರ್ಲಿ ಹಿಡಿಯುವವರನ್ನು ಬೈಯುವ ನಾವೇ ಹಾಗೆ ಮಾಡಿದರೆ ಬೈಯುವ ಬಾಯಿ ಎಲ್ಲಿ ಉಳಿಯಿತು? ಮೊಬೈಲಿನಲ್ಲಿ ಹಕ್ಕಿಯ ದನಿ ಹಾಕಿ ಕರೆಯುವುದೂ ಬೇಡ. ಫೋಟೋ ಹಾಕುವಾಗ ಕೆರೆಯ ಹೆಸರು ಬರೆಯಬೇಡಿ. ಹೋಬಳಿ ಬರೆದರೆ ಸಾಕು. ನಿಜವಾಗಿ ಬೇಕಾದವರು ಹುಡುಕಿಕೊಂಡು ಹೋಗುತ್ತಾರೆ, ಒಂದಿಷ್ಟು ನಡೆಯಲಿ.

ನಡೆಯುವಾಗಲೂ ಕಾಲಿನ ಕೆಳಗೆ ನೋಡಿ. ಕಲ್ಲುಗೌಜಲಿನ ಗೂಡಿಗೆ ಹುಲ್ಲೂ ಇಲ್ಲ, ಕಡ್ಡಿಯೂ ಇಲ್ಲ. ಬಯಲಲ್ಲಿ ದನದ ಗೊರಸಿನಷ್ಟು ತಗ್ಗು, ಅದರಲ್ಲಿ ಮಣ್ಣುಬಣ್ಣದ ಮೂರು ಮೊಟ್ಟೆ. ಹಗಲು ತಾಯಿ ಕೂರುತ್ತದೆ, ರಾತ್ರಿ ತಂದೆ. ಶಾಲೆಯಿಂದ ಅಡ್ಡದಾರಿಯಲ್ಲಿ ಬರುವಾಗ ಒಮ್ಮೆ ನನ್ನ ಚಪ್ಪಲಿಯಿಂದ ಒಂದು ಗೇಣು ದೂರದಲ್ಲಿ ಹೆಣ್ಣು ಎದ್ದು ಹಾರಿತ್ತು. ಅದು ಏಳದೇ ಹೋಗಿದ್ದರೆ ತುಳಿದೇ ಬಿಡುತ್ತಿದ್ದೆ. ಆ ಮಧ್ಯಾಹ್ನದ ಬಿಸಿಲಿಗೆ ಮೊಟ್ಟೆ ಬೆಂದುಹೋಗುತ್ತವೆಂದು ದೂರ ಓಡಿ ಹೋಗಿ ನಿಂತೆ, ಅದು ಮರಳಿ ಕೂರುವವರೆಗೆ ಮನೆಗೆ ಹೋಗಲಿಲ್ಲ. ನೀವು ಜೀಪು ಹತ್ತಿ ರಸ್ತೆ ಬಿಟ್ಟು ಬಯಲಿಗಿಳಿಸುತ್ತೀರಲ್ಲ, ಆ ಚಕ್ರದ ಕೆಳಗೆ ಏನಿದೆಯೆಂದು ಎಂದಾದರೂ ಇಳಿದು ನೋಡಿದ್ದೀರಾ?

ಇನ್ನೊಂದು ಮಾತು ಹೇಳಲೇಬೇಕು, ಇದಕ್ಕೆ ನಿಮಗೆ ಸಿಟ್ಟು ಬಂದೀತು. ಮುಂದಿನ ಸಲ ಹೋಗುವಾಗ ಬೀಜದುಂಡೆ ಮಾಡಿ ಒಯ್ದು ಆ ಬೋಳು ದಿಬ್ಬದ ಮೇಲೆಲ್ಲ ಎಸೆದು ಬರುತ್ತೇವೆ ಎಂದಿರಿ. ತುಳಸಿ ಗೌಡರ ಊರಿನವರು ನಾವು, ಗಿಡ ನೆಡದೆ ಬರುತ್ತೇವೆಯೇ ಎಂದಿರಿ. ಹೊನ್ನಳ್ಳಿಯ ಆ ತಾಯಿ ಯಾವ ಬೀಜ ಯಾವ ಮರದ್ದು, ಯಾವ ಹೊತ್ತಿಗೆ ಹೆಕ್ಕಬೇಕು, ಯಾವ ಮಣ್ಣಿಗೆ ಬರುತ್ತದೆ ಎಂದು ಅಂಗೈಯಲ್ಲಿ ತಿಳಿದಿದ್ದವರು. ಅದೇ ಅವರ ದೊಡ್ಡಸ್ತಿಕೆ, ನೆಟ್ಟ ಗಿಡದ ಲೆಕ್ಕವಲ್ಲ. ನಮ್ಮ ಘಟ್ಟದಂಚಿಗೆ ಮರ ಸಲ್ಲುತ್ತದೆ. ಆ ದಿಬ್ಬಕ್ಕೆ ಸಲ್ಲುವುದು ಹುಲ್ಲು, ಕಲ್ಲು, ಕುರುಚಲು. ದೂರದಿಂದಲೇ ಗಿಡುಗನನ್ನೂ ನರಿಯನ್ನೂ ಕಾಣಲು ಕಲ್ಲುಗೌಜಲಿಗೆ ಬಯಲೇ ಬೇಕು. ಮರದ ಮೇಲೆ ಕೂರಲು ಅದರ ಕಾಲೇ ಆಗುವುದಿಲ್ಲ.

ರಾಣೆಬೆನ್ನೂರಿಗೆ ಹೋಗಿ ನೋಡಿ. ಕೃಷ್ಣಮೃಗಕ್ಕೆಂದು 1974ರಲ್ಲಿ ಅಭಯಾರಣ್ಯವಾದ ಜಾಗ. ಅದರ ಬಹುಭಾಗದಲ್ಲಿ ಬೆಳೆದು ನಿಂತದ್ದು ನೀಲಗಿರಿ ತೋಪು. ಬಯಲಿನ ಹಕ್ಕಿ ಎರೆಭೂತ, ಕೆಲವೆಡೆ ಎರ್ಲಡ್ಡು ಎನ್ನುತ್ತಾರೆ, ಒಂದು ಕಾಲದಲ್ಲಿ ಅಲ್ಲಿತ್ತು. ಹತ್ತು ಹನ್ನೆರಡು ಕಿಲೋ ತೂಗುವ ಗಂಡು, ಹೆಣ್ಣು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಈಗ ನಮ್ಮ ರಾಜ್ಯದಲ್ಲಿ ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಉಳಿದಿವೆ. ಇಡೀ ದೇಶದ ಬಯಲುಗಳಲ್ಲಿರುವುದು 150ರ ಆಸುಪಾಸು, ಹೆಚ್ಚಿನವು ಜೈಸಲ್ಮೇರಿನಲ್ಲಿ. ಅದಕ್ಕೆ ಎದುರಿನದು ಸರಿಯಾಗಿ ಕಾಣುವುದಿಲ್ಲ, ಹಾರುತ್ತ ಬಂದು ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ಆ ತಂತಿಯ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿ 2021ರಲ್ಲಿ ಆದೇಶ ಬಂತು. ಸಿರುಗುಪ್ಪಕ್ಕೆ ಮಾತ್ರ ದಯವಿಟ್ಟು ಹೋಗಬೇಡಿ. ನಿಮಗೊಂದು ಫೋಟೋ ಸಿಗದಿದ್ದರೆ ಲೋಕ ಮುಳುಗುವುದಿಲ್ಲ.

'ಪಾಳು' ಎಂದು ದಾಖಲೆಯಲ್ಲಿ ಬರೆದ ಕೂಡಲೇ ಆ ನೆಲ ಯಾರದೂ ಅಲ್ಲದ್ದಾಗುತ್ತದೆ. ಸೋಲಾರಿಗೆ, ಗಾಳಿಯಂತ್ರಕ್ಕೆ, ನೆಡುತೋಪಿಗೆ, ಕಡೆಗೆ ನಮ್ಮ ಬೀಜದುಂಡೆಗೂ. ಇಲ್ಲಿ ಏನೂ ಇಲ್ಲ ಎಂದು ಆಯಿಗೆ ಬರೆದವಳು ನಾನು; ಆ ದಾಖಲೆ ಬರೆದವರ ಮೇಲೆ ಕೈ ತೋರಿಸುವ ಮುಂಚೆ ನನ್ನ ಕಾಗದವನ್ನು ನೆನೆಯುತ್ತೇನೆ.

ಹನ್ನೊಂದು ವರ್ಷದ ಮೇಲೆ ವರ್ಗವಾಗಿ ಬೊಬ್ರುವಾಡಕ್ಕೆ ಮರಳಿದೆ. ಹೊರಡುವ ಹಿಂದಿನ ದಿನ ಕುರಿ ಕಾಯುವ ಅಜ್ಜನನ್ನು ಕಂಡು ನಮಸ್ಕಾರ ಮಾಡಿದೆ. "ನಿಮ್ಮೂರಾಗ ಈ ಹಕ್ಕಿ ಅದಾವೇನ್ರಿ?" ಎಂದು ಕೇಳಿದ. ಇಲ್ಲ ಅಜ್ಜ, ನಮ್ಮೂರಲ್ಲಿ ನೀರು ಬಹಳ ಎಂದೆ. "ಹಂಗಾರ ಅಲ್ಲಿ ಅವಕ್ಕ ಏನು ಕೆಲಸ" ಎಂದ.

ನಿಮ್ಮ ಫೋಟೋ ಪ್ರದರ್ಶನ ಮುಂದಿನ ತಿಂಗಳು ಪೇಟೆಯಲ್ಲಿ ಇದೆಯೆಂದು ಕೇಳಿದೆ. ಮೂರನೆಯ ಫೋಟೋ, ಆ ಹನಿ ಚೆಲ್ಲಿದ್ದು, ಅದನ್ನು ಹಾಕಬೇಡಿ. ಎರಡನೆಯದನ್ನು ಹಾಕಿ, ನೀರಿಗೆ ಹೊಟ್ಟೆ ಊರಿ ಕೂತದ್ದು. ಕೆಳಗೆ 'ಸ್ನಾನ' ಎಂದು ಬರೆದಿದ್ದರೆ ಅಳಿಸಿ, 'ಮರಿಗಳಿಗೆ ನೀರು ಒಯ್ಯುತ್ತಿರುವ ಅಪ್ಪ' ಎಂದು ಬರೆಯಿರಿ. ಅಕ್ಷರ ತಪ್ಪಿಲ್ಲದೆ.

ಇಂತಿ,
ನಿಮ್ಮ ಅಕ್ಕೋರು
ಬೊಬ್ರುವಾಡ, ಅಂಕೋಲೆ